ಅಟ್ಟದ ಟ್ರಂಕಿನಲ್ಲಿ ಸಿಕ್ಕ ಶಾಲೆಯ ಕಾಗದಗಳು: ಒಣಗಿಸುವ ಮೊದಲು ಕೇಳಬೇಕಾದದ್ದು

ಓದುಗರ ಪ್ರಶ್ನೆ: ಹೊಸನಗರ ತಾಲ್ಲೂಕಿನ ನಮ್ಮ ಊರಮನೆಯ ಮಾಡನ್ನು ಮಳೆಗಾಲಕ್ಕೆ ಮೊದಲು ಬಿಚ್ಚಿ ಹೊಸದಾಗಿ ಹೊದಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಅದರಲ್ಲಿ 1979ರಿಂದ 1989ರವರೆಗಿನ ನನ್ನ ಕಾಪಿ ಪುಸ್ತಕಗಳು, ಅಂಕಪಟ್ಟಿಗಳು, ಚಿತ್ರಗಳು, ಆಟೋಗ್ರಾಫ್ ಪುಸ್ತಕ, ಗೆಳತಿಯರ ಇನ್‌ಲ್ಯಾಂಡ್ ಪತ್ರಗಳು, ನವಿಲುಗರಿ, ಗುಲಗಂಜಿಯ ಡಬ್ಬಿ ಮತ್ತು ಗಾಜಿಗೆ ಅಂಟಿಕೊಂಡ ಏಳನೇ ತರಗತಿಯ ಗುಂಪು ಫೋಟೊ ಇವೆ. ತಳದಲ್ಲಿ ನನ್ನ ತಾಯಿಯವರ ಒಂದು ಕಾಪಿ ಪುಸ್ತಕ ಮತ್ತು ವರ್ಗಾವಣೆ ಪತ್ರ ಇದ್ದವು. ಅವರು ಓದಿದ ಊರು ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. ಎಲ್ಲಕ್ಕೂ ಬೂಷ್ಟು ವಾಸನೆ ಹಿಡಿದಿದೆ, ಹುಳು ತಿಂದಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಉಳಿದದ್ದನ್ನು ಬಚ್ಚಲೊಲೆಗೆ ಹಾಕೋಣ ಎನ್ನುತ್ತಾನೆ ನನ್ನ ತಮ್ಮ. ಮುಖ್ಯವಾದವನ್ನು ಲ್ಯಾಮಿನೇಟ್ ಮಾಡಿಸಲೇ? ಪ್ರಬಂಧವೊಂದರ ಕೆಳಗೆ ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬರೆದಿದ್ದಾರೆ; ಅದನ್ನಂತೂ ಕಳೆದುಕೊಳ್ಳಲಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಬೂಷ್ಟಿನ ಕಡೆಗಲ್ಲ, ನಿಮ್ಮ ತಾಯಿಯವರ ಕಡೆಗೆ. ಅವರು ನಿಮ್ಮೊಂದಿಗಿದ್ದಾರೆಂದು ಪತ್ರದ ಧಾಟಿಯಿಂದ ಊಹಿಸುತ್ತೇನೆ. ಹಾಗಿದ್ದರೆ ಟ್ರಂಕನ್ನು ಇನ್ನಷ್ಟು ಕೆದಕುವ ಮೊದಲು ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಇದನ್ನು ತುಂಬಿಟ್ಟವರು ಯಾರು, ಯಾವಾಗ, ತಮ್ಮ ಕಾಪಿ ಪುಸ್ತಕದ ಮೇಲೆ ಮಗಳ ಪುಸ್ತಕಗಳನ್ನು ಇಟ್ಟದ್ದು ಏಕೆ ಎಂದು ಕೇಳಿ. ಹಳೆಯ ಕಾಗದಗಳ ದುರಸ್ತಿಯನ್ನೇ ವೃತ್ತಿ ಮಾಡಿಕೊಂಡಿರುವ ನನ್ನ ಕೈಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಿಂದ ಬಂದ ಕಟ್ಟುಗಳಲ್ಲಿ ಹೆಚ್ಚಿನವು ಕಾಗದದ ಮಟ್ಟಿಗೆ ಉಳಿಸಬಹುದಾದ ಸ್ಥಿತಿಯಲ್ಲಿಯೇ ಇದ್ದವು. ಆದರೆ ಫೋಟೊದ ಎರಡನೇ ಸಾಲಿನಲ್ಲಿ ನಿಂತವರು ಯಾರು, ಪತ್ರದ ಕೊನೆಯಲ್ಲಿ ‘ನಿನ್ನ ಸುಮಿ’ ಎಂದು ಬರೆದದ್ದು ಯಾವ ಸುಮಿ ಎಂದು ಹೇಳಬಲ್ಲವರು ಆ ಹೊತ್ತಿಗೆ ಇರುತ್ತಿರಲಿಲ್ಲ. ಹುಳು ತಿಂದ ಹಾಳೆಗೆ ಅಂಚು ಕಟ್ಟಿಕೊಡಬಲ್ಲೆ. ಹೋದ ಹೆಸರನ್ನು ತಂದುಕೊಡುವುದು ನನ್ನಿಂದಾಗದು.

ಆದ್ದರಿಂದ ಟ್ರಂಕು ಈಗ ಹೇಗಿದೆಯೋ ಹಾಗೆಯೇ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಆಮೇಲೆ ಒಂದೊಂದು ಪದರ ಎತ್ತಿದಾಗಲೂ ಒಂದೊಂದು ಫೋಟೊ ತೆಗೆಯಿರಿ. ಯಾವ ಪುಸ್ತಕದೊಳಗೆ ಯಾವ ಚೀಟಿ ಇತ್ತು, ನವಿಲುಗರಿ ಯಾವ ಪಾಠದ ನಡುವೆ ಇತ್ತು ಎಂಬುದನ್ನು ಬಿಡಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಆ ವಸ್ತುವಿನ ಜೊತೆಯಲ್ಲೇ ಇಡಿ. ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಬಂದ ಕಾಗದಗಳ ಮೂಲ ಕ್ರಮವನ್ನು ಕೆಡಿಸುವುದಿಲ್ಲ, ಏಕೆಂದರೆ ಒಟ್ಟಿಗೆ ಇದ್ದವುಗಳಿಗೆ ಒಟ್ಟಿಗೆ ಇದ್ದುದರಿಂದಲೇ ಬರುವ ಅರ್ಥವೊಂದಿದೆ. ತರಗತಿವಾರು ಜೋಡಿಸುವ ಉತ್ಸಾಹದಲ್ಲಿ ಮೊದಲ ದಿನವೇ ಎಲ್ಲವನ್ನೂ ಬೇರ್ಪಡಿಸಿದರೆ ಆ ಅರ್ಥ ಮತ್ತೆ ಕೂಡಿಬರುವುದಿಲ್ಲ.

ಇನ್ನು ಬೂಷ್ಟಿನ ವಿಚಾರ. ಗಾಳಿಯ ತೇವಾಂಶ ನೂರಕ್ಕೆ 65ನ್ನು ದಾಟಿ ಬಹಳ ದಿನ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇರುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಿತಿಗಿಂತ ಕೆಳಗೆ ಉಳಿಯುವ ಕೋಣೆಯೇ ಅಪರೂಪ. ಹೀಗಿದ್ದರೂ ನಮ್ಮ ಹಿರಿಯರ ಕಾಗದಗಳು ಅಟ್ಟದಲ್ಲಿ ಹೇಗೆ ಉಳಿದವು ಎಂದು ನೀವು ಕೇಳಬಹುದು. ಅಡಿಗೆಯ ಒಲೆ ದಿನವಿಡೀ ಉರಿಯುತ್ತಿದ್ದ ಕಾಲದಲ್ಲಿ ಬಿಸಿ ಹೊಗೆ ಅಟ್ಟಕ್ಕೇರಿ, ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಅದರಿಂದ ಅಟ್ಟ ಬೆಚ್ಚಗಿರುತ್ತಿತ್ತು, ಹುಳುಗಳೂ ದೂರವಿರುತ್ತಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಆ ಕಾವು ನಿಂತಿತು, ಆದರೆ ವಸ್ತುಗಳನ್ನು ಅಟ್ಟಕ್ಕೇರಿಸುವ ರೂಢಿ ಮಾತ್ರ ಉಳಿಯಿತು. ನಿಮ್ಮ ಟ್ರಂಕಿಗೂ ಇದೇ ಆಗಿರಬೇಕೆಂದು ನನಗನ್ನಿಸುತ್ತದೆ. ಜೊತೆಗೆ ಕಬ್ಬಿಣದ ತಗಡು ರಾತ್ರಿ ತಣ್ಣಗಾದಾಗ ಒಳಗಿನ ತೇವ ಅದರ ಮೈಮೇಲೆ ಹನಿಯಾಗುತ್ತದೆ. ಅಂಚಿನ ಪುಸ್ತಕಗಳು ನಡುವಿನ ಪುಸ್ತಕಗಳಿಗಿಂತ ಹೆಚ್ಚು ಹಾಳಾಗಿದ್ದರೆ ಅದಕ್ಕೆ ಇದೇ ಕಾರಣವಿರಬಹುದು.

ತೇವವಾದದ್ದನ್ನೆಲ್ಲ ಅಂಗಳದ ಬಿಸಿಲಿಗೆ ಹರಡುವುದು ನಮ್ಮ ಕಡೆಯ ಸಹಜ ಅಭ್ಯಾಸ. ಅಡಿಕೆಗೆ, ಹಪ್ಪಳಕ್ಕೆ, ಕಂಬಳಿಗೆ ಅದು ಸರಿ. ಈ ಕಾಗದಗಳಿಗೆ ಖಂಡಿತ ಬೇಡ. ನೀವು ಕಳೆದುಕೊಳ್ಳಲಾರೆ ಎಂದಿರುವ ಆ ಕೆಂಪು ಶಾಯಿಯ ನಾಲ್ಕು ಸಾಲುಗಳಿಗೇ ಬಿಸಿಲಿನಿಂದ ಎಲ್ಲಕ್ಕಿಂತ ಹೆಚ್ಚು ಅಪಾಯ. ಮೇಷ್ಟ್ರುಗಳು ಬಳಸುತ್ತಿದ್ದ ಕೆಂಪು ಶಾಯಿಗಳಲ್ಲಿ ಅನೇಕವು ಇಯೊಸಿನ್ ಎಂಬ ಬಣ್ಣದಿಂದ ಮಾಡಿದವು. ಅದು ಬೆಳಕಿಗೆ ಬೇಗ ಮಾಸುತ್ತದೆ, ನೀರು ತಾಗಿದರೆ ಹರಡುತ್ತದೆ. ನಾಲ್ಕು ದಶಕ ಕತ್ತಲೆಯ ಟ್ರಂಕಿನಲ್ಲಿದ್ದ ಕಾರಣಕ್ಕೇ ಅದು ಇಂದಿಗೂ ಕೆಂಪಾಗಿದೆ. ಫೌಂಟನ್ ಪೆನ್ನಿನ ನೀಲಿ ಶಾಯಿಗೂ ನೀರಿನ ಭಯವಿದೆ. ಬಾಲ್‌ಪೆನ್ನಿನ ಬರಹ ನೀರನ್ನು ತಡೆದುಕೊಳ್ಳುತ್ತದೆ, ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಪೆನ್ಸಿಲಿನ ಬರಹ ಒಂದೇ ಇವೆರಡಕ್ಕೂ ಹೆದರದು. ನಿಮ್ಮ ಒಂದನೇ ತರಗತಿಯ ಅಕ್ಷರಗಳು ಎಸ್ಸೆಸ್ಸೆಲ್ಸಿಯ ಟಿಪ್ಪಣಿಗಳಿಗಿಂತ ಸ್ಪಷ್ಟವಾಗಿ ಉಳಿದಿದ್ದರೆ ಅಚ್ಚರಿಪಡಬೇಕಿಲ್ಲ.

ಒಣಗಿಸಬೇಕಾದದ್ದು ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ. ಪುಸ್ತಕಗಳನ್ನು ಸ್ವಲ್ಪವೇ ತೆರೆದು ನಿಲ್ಲಿಸಿ. ನಿಲ್ಲಲಾಗದಷ್ಟು ಮೆತ್ತಗಾಗಿದ್ದರೆ ಮಲಗಿಸಿ, ಹತ್ತಿಪ್ಪತ್ತು ಪುಟಕ್ಕೊಮ್ಮೆ ಅಚ್ಚಿಲ್ಲದ ಬಿಳಿ ಹಾಳೆಯನ್ನೋ ಬ್ಲಾಟಿಂಗ್ ಕಾಗದವನ್ನೋ ಇಟ್ಟು ದಿನಕ್ಕೆರಡು ಸಲ ಬದಲಾಯಿಸಿ. ದಿನಪತ್ರಿಕೆ ಬೇಡ, ಅದರ ಮಸಿ ಅಂಟುತ್ತದೆ. ಫ್ಯಾನ್ ಹಾಕಬಹುದು, ಆದರೆ ಗಾಳಿ ನೇರವಾಗಿ ಪುಸ್ತಕದ ಮೇಲೆ ಬೀಳದಂತೆ ಗೋಡೆಯ ಕಡೆಗೆ ತಿರುಗಿಸಿ. ಅಂಟಿಕೊಂಡ ಪುಟಗಳನ್ನು ಎಳೆದು ಬಿಡಿಸಬೇಡಿ. ಪೂರ್ತಿ ಒಣಗಿದ ಮೇಲೆ ಕೆಲವು ತಾವಾಗಿಯೇ ಬಿಡುತ್ತವೆ, ಬಿಡದಿದ್ದವನ್ನು ಹಾಗೆಯೇ ಇರಗೊಡಿ. ಬೂಷ್ಟು ಹಸಿಯಾಗಿರುವಾಗ ಒರೆಸಿದರೆ ಅದು ಕಾಗದದ ಒಳಕ್ಕೇ ಹೋಗುತ್ತದೆ. ಪುಡಿಯಾಗುವಷ್ಟು ಒಣಗಿದ ಮೇಲೆ ಮನೆಯ ಹೊರಗೆ, ಗಾಳಿ ನಿಮ್ಮಿಂದ ಆಚೆಗೆ ಬೀಸುವ ಕಡೆ ಕುಳಿತು, ಮೆತ್ತನೆಯ ಬಣ್ಣದ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಗುಡಿಸಿ. ಎನ್-95 ಮಾಸ್ಕ್ ಮತ್ತು ಕೈಗವಸು ಕಡ್ಡಾಯ. ಉಬ್ಬಸ ಇರುವವರು, ವಯಸ್ಸಾದ ನಿಮ್ಮ ತಾಯಿಯವರು, ಈ ಕೆಲಸದ ಹತ್ತಿರ ಬರುವುದು ಬೇಡ. ಅವರಿಗೆ ಫೋಟೊಗಳನ್ನು ತೋರಿಸಿ ಮಾತಾಡಿಸಿ.

ಹುಳುವಿನ ಕಾಟಕ್ಕೆ ಮನೆಯ ಫ್ರಿಜ್ಜೇ ಮದ್ದು. ಹಾಳೆಗಳ ಮೇಲ್ಮೈಯನ್ನು ಕೆರೆದಂತೆ ತಿನ್ನುವುದು ಸರಕ್ಕನೆ ಜಾರುವ ಬೆಳ್ಳಿಬಣ್ಣದ ಹುಳು. ಅದಕ್ಕೆ ರಟ್ಟಿನ ಗೋಂದು, ಮೈದಾ ಅಂಟು ಎಂದರೆ ಪ್ರೀತಿ. ಪುಸ್ತಕದ ಉದ್ದಕ್ಕೂ ಮಣ್ಣಿನ ಸುರಂಗ ಕಂಡರೆ ಅದು ಒರಲೆ. ಆಗ ಕಾಗದಕ್ಕಿಂತ ಮೊದಲು ಮಾಡಿನ ಮರವನ್ನು ಪರೀಕ್ಷಿಸಿ. ಪೂರ್ತಿ ಒಣಗಿದ ಪುಸ್ತಕಗಳನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು, ಒಂದು ಪೂರ್ತಿ ದಿನ ಕಾಯಬೇಕು. ಇಲ್ಲದಿದ್ದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ತೇವ ಕೂರುತ್ತದೆ. ಬೂಷ್ಟು ಮಾತ್ರ ಇದರಿಂದ ಸಾಯುವುದಿಲ್ಲ, ಅದಕ್ಕೆ ಒಣಗಿಸುವುದೊಂದೇ ದಾರಿ. ನವಿಲುಗರಿಯನ್ನು ತಿನ್ನುವ ಹುಳು ಬೇರೆಯೇ ಇರುವುದರಿಂದ ಗರಿಯನ್ನೂ ಹೀಗೆ ಫ್ರೀಜರಿನಲ್ಲಿಟ್ಟು ತೆಗೆದು, ಬೇರೆ ಲಕೋಟೆಯಲ್ಲಿಡಿ. ಗುಲಗಂಜಿಯ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಅಗಿದು ನುಂಗಿದರೆ ಪ್ರಾಣಕ್ಕೇ ಎರವಾಗುವ ವಿಷ ಆ ಬೀಜದಲ್ಲಿದೆ. ನುಸಿಗುಳಿಗೆಯನ್ನು ನಾನು ಸೂಚಿಸುವುದಿಲ್ಲ. ಅದರ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಬೂಷ್ಟಿಗೂ ಅದು ಮದ್ದಲ್ಲ.

ಲ್ಯಾಮಿನೇಷನ್ ಬಗ್ಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಒಂದು ಹಾಳೆಯನ್ನೂ ಮಾಡಿಸಬೇಡಿ. ಕಳೆದ ಶತಮಾನದಲ್ಲಿ ದೊಡ್ಡ ಪತ್ರಾಗಾರಗಳೇ ಸೆಲ್ಯುಲೋಸ್ ಅಸಿಟೇಟ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಗಳಿಂದ ದಾಖಲೆಗಳನ್ನು ಲ್ಯಾಮಿನೇಟ್ ಮಾಡುತ್ತಿದ್ದವು. ದೆಹಲಿಯ ರಾಷ್ಟ್ರೀಯ ಪತ್ರಾಗಾರವು, ಯಂತ್ರದ ಕಾವಿಲ್ಲದೆ ಅಸಿಟೋನ್ ಎಂಬ ದ್ರಾವಕ ಬಳಸಿ ಕೈಯಲ್ಲೇ ಮಾಡುವ ವಿಧಾನವನ್ನು ರೂಪಿಸಿತ್ತು. ಆ ಪದರಗಳೇ ಕಾಲಕ್ರಮದಲ್ಲಿ ಆಮ್ಲ ಬಿಡುತ್ತವೆ ಎಂದು ತಿಳಿದ ಮೇಲೆ ಅದನ್ನೂ ಕೈಬಿಡುತ್ತ ಬಂದರು. ಅದನ್ನಾದರೂ ಅಸಿಟೋನ್ ಹಾಕಿ ಬಿಡಿಸಬಹುದಿತ್ತು. ಈಗ ಅಂಗಡಿಗಳಲ್ಲಿ ಮಾಡುವ ಲ್ಯಾಮಿನೇಷನ್ನಿನಲ್ಲಿ ಕಾವಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಇಳಿಯುತ್ತದೆ. ಕಾಗದವನ್ನು ಹರಿಯದೆ ಅದನ್ನು ಬಿಡಿಸಲಾಗುವುದಿಲ್ಲ. ಒಳಗೆ ಸಿಕ್ಕಿದ ತೇವ ಮತ್ತು ಆಮ್ಲ ಅಲ್ಲೇ ಕೆಲಸ ಮಾಡುತ್ತಿರುತ್ತವೆ. ನನ್ನಿಂದಲೂ ಇಂಥದೇ ಒಂದು ತಪ್ಪಾಗಿದೆ. ಈ ವೃತ್ತಿಗೆ ಬರುವ ಮೊದಲು, ನಾನು ಹಾಸ್ಟೆಲಿನಲ್ಲಿದ್ದಾಗ ತಂದೆಯವರು ಬರೆದ ಪತ್ರವೊಂದು ಮಡಿಕೆಯಲ್ಲಿ ಹರಿದಿತ್ತೆಂದು ಸೆಲ್ಲೋಟೇಪ್ ಅಂಟಿಸಿದೆ. ಕೆಲವೇ ವರ್ಷಗಳಲ್ಲಿ ಟೇಪು ಒಣಗಿ ಉದುರಿತು, ಆದರೆ ಅದರ ಅಂಟು ಕಂದು ಪಟ್ಟಿಯಾಗಿ ಎರಡು ಸಾಲುಗಳ ಮೇಲೆ ಕೂತಿತು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಆ ಎರಡು ಸಾಲುಗಳನ್ನು ನಾನು ಮತ್ತೆ ಓದಲಾಗಿಲ್ಲ. ಹರಿದ ಹಾಳೆಗೆ ನೀವು ಏನನ್ನೂ ಅಂಟಿಸಬೇಡಿ. ಎರಡು ತುಂಡುಗಳನ್ನೂ ಒಂದೇ ಬಿಳಿ ಲಕೋಟೆಯಲ್ಲಿಟ್ಟರೆ ಸಾಕು. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ನುಗಳನ್ನು ಮಾತ್ರ ನಿಧಾನವಾಗಿ ತೆಗೆಯಬಹುದು. ಹೊಳೆಯುವ ಪಿವಿಸಿ ಕವರಿನ ಫೈಲುಗಳೂ ಬೇಡ, ಬರಹ ಆ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬರುತ್ತದೆ.

ಕಾಪಿ ಪುಸ್ತಕಗಳು ಕಂದಾಗಿ, ಮೂಲೆಗಳು ಮುಟ್ಟಿದರೆ ಮುರಿಯುತ್ತಿದ್ದರೆ ಅದು ನಿಮ್ಮ ಮನೆಯವರು ಇಟ್ಟ ರೀತಿಯ ತಪ್ಪಲ್ಲ. ಅಗ್ಗದ ಕಾಗದದಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಪೂರ್ತಿ ಹೋಗಿರುವುದಿಲ್ಲ; ಗಾಳಿ ಬೆಳಕಿಗೆ ಅದು ಕಂದಾಗುತ್ತದೆ. ಶಾಯಿ ಹರಡದಿರಲೆಂದು ತಯಾರಿಕೆಯಲ್ಲಿ ಸೇರಿಸಿದ ಪಟಿಕ ತೇವದೊಂದಿಗೆ ಸೇರಿ ಆಮ್ಲವಾಗಿ, ನಾರನ್ನು ತುಂಡು ತುಂಡು ಮಾಡುತ್ತದೆ. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಾಡಿನ ಬಿದಿರೇ ಕಾಗದವಾಗುತ್ತಿತ್ತು. ಈಗ ನಿಂತುಹೋಗಿರುವ ಆ ಯಂತ್ರಗಳಿಂದ ಬಂದ ಹಾಳೆಯ ಮೇಲೆಯೇ ನೀವು ಮಗ್ಗಿ ಬರೆದಿರಲೂಬಹುದು. ಇಂಥ ಹಾಳೆಗಳನ್ನು ಮತ್ತೆ ಮತ್ತೆ ಮಡಚದಿರುವುದು, ತೇವದಿಂದ ದೂರ ಇಡುವುದು, ಇವೆರಡರಿಂದ ಅವುಗಳ ಆಯಸ್ಸು ಬಹಳ ಹೆಚ್ಚುತ್ತದೆ.

ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸರಿಯಿದೆ. ಹತ್ತು ವರ್ಷದ ಎಲ್ಲ ಪುಸ್ತಕಗಳನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಹಲಗೆಯಿಂದ ನಕಲು ಮಾಡಿದ ಪ್ರಶ್ನೋತ್ತರ, ಪುಟಗಟ್ಟಲೆ ಒಂದೇ ಬಗೆಯ ಲೆಕ್ಕ, ಇವುಗಳಲ್ಲಿ ತರಗತಿಗೊಂದು ಪುಸ್ತಕ ಸಾಕು. ನೀವು ಸ್ವಂತ ವಾಕ್ಯದಲ್ಲಿ ಬರೆದದ್ದು, ನಿಮ್ಮದಲ್ಲದ ಕೈಬರಹ ಇರುವುದು, ಊರು, ತಾರೀಖು, ಹೆಸರು ಇರುವುದು, ಇವುಗಳನ್ನು ಬಿಡಬೇಡಿ. ಮೇಷ್ಟ್ರ ಟಿಪ್ಪಣಿ ಇರುವ ಪ್ರಬಂಧದ ಪುಸ್ತಕದಿಂದ ಆ ಒಂದು ಪುಟವನ್ನು ಕತ್ತರಿಸಿ ತೆಗೆಯುವುದೂ ಬೇಡ. ಹಿಂದಿನ ಪುಟಗಳಲ್ಲಿ ಅವರೇ ತಿದ್ದಿದ ತಪ್ಪುಗಳಿರುತ್ತವೆ. ಆ ನಾಲ್ಕು ಸಾಲುಗಳನ್ನು ಅವರು ಏಕೆ ಬರೆದರೆಂಬುದು ತಿಳಿಯುವುದು ಅವುಗಳಿಂದಲೇ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಜನ್ಮದಿನಾಂಕದ ದಾಖಲೆಯಾಗಿ ಇಂದಿಗೂ ಕೇಳುವುದರಿಂದ ಅದನ್ನು ನೆನಪಿನ ಕಾಗದಗಳ ಜೊತೆಗಲ್ಲ, ಮನೆಯ ಆಸ್ತಿಪತ್ರಗಳ ಜೊತೆಗಿಡಿ.

ಫೋಟೊ ತೆಗೆದು ಸುಡುವ ಸಲಹೆಗೆ ನನ್ನ ಆಕ್ಷೇಪವಿದೆ. ಮೊಬೈಲಿನ ಚಿತ್ರದಲ್ಲಿ ಬರಹ ಬರುತ್ತದೆ, ಆದರೆ ಪೆನ್ನು ಒತ್ತಿದ ಗುರುತು, ರಟ್ಟಿನ ಹಿಂದೆ ಅಚ್ಚಾದ ಬೆಲೆ, ಒಳಗೆ ಸಿಕ್ಕಿಕೊಂಡ ಅರಳಿ ಎಲೆಯ ಜರಡಿ ಬರುವುದಿಲ್ಲ, ಫೋನು ಕೆಟ್ಟರೆ ಚಿತ್ರವೂ ಉಳಿಯುವುದಿಲ್ಲ. ಪ್ರತಿ ಬೇಕು, ಆದರೆ ಮೂಲದ ಜೊತೆಗೆ. ಮೋಡದ ದಿನ ಕಿಟಕಿಯ ಬಳಿ, ಫ್ಲ್ಯಾಷ್ ಇಲ್ಲದೆ ನೇರ ಮೇಲಿನಿಂದ ತೆಗೆಯಿರಿ. ಸ್ಕ್ಯಾನರ್ ಸಿಕ್ಕರೆ ಬರಹಕ್ಕೆ 300, ಫೋಟೊಗಳಿಗೆ 600 ಡಿಪಿಐ (ಚಿತ್ರದ ಸೂಕ್ಷ್ಮತೆಯ ಅಳತೆ) ಇರಲಿ. ಚಿತ್ರಗಳ ಒಂದು ಪ್ರತಿ ನಿಮ್ಮಲ್ಲಿ, ಒಂದು ತಮ್ಮನಲ್ಲಿ, ಒಂದು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಈಗ ನಿಮ್ಮ ತಾಯಿಯವರ ಎರಡು ವಸ್ತುಗಳಿಗೆ ಬರುತ್ತೇನೆ, ಏಕೆಂದರೆ ಇಡೀ ಟ್ರಂಕಿನಲ್ಲಿ ಅತ್ಯಂತ ಅಪರೂಪದವು ಅವೇ ಎಂದು ನನ್ನ ಅಭಿಪ್ರಾಯ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಡಿ ಸೇರಿ, ಬರದ ಬೇಸಿಗೆಯಲ್ಲಿ ಮಾತ್ರ ತಲೆಯೆತ್ತುತ್ತದೆ. ಊರುಗಳ ಜೊತೆಗೆ ಶಾಲೆಗಳೂ ಹೋದವು. ಹೊಳೆಯಂಚಿನ ಒಂದು ಊರಿನಲ್ಲಿ ಶಾಲೆ ಇತ್ತು, ಅಲ್ಲಿ ಈ ಹುಡುಗಿ ಇಂಥ ವರ್ಷ ಓದಿದಳು ಎಂದು ಹೇಳುವ ಕಾಗದ ನಿಮ್ಮ ಕೈಯಲ್ಲಿದೆ. ಮುಳುಗಡೆಯ ಕುಟುಂಬಗಳಿಗೆ ತಾವು ಎಲ್ಲಿಯವರೆಂದು ತೋರಿಸುವ ಕಾಗದ ಎಷ್ಟು ಮುಖ್ಯವೆಂಬುದನ್ನು ಈ ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ.

ತಾರೀಖು ಅಳಿಸಿಹೋಗಿದ್ದರೂ ಅವುಗಳ ಕಾಲವನ್ನು ಗುರುತಿಸಬಹುದು. ಕಾಪಿ ಪುಸ್ತಕದ ಬೆಲೆ ಆಣೆಯಲ್ಲಿದ್ದರೆ ಅದು ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯೇ’ ಎಂಬುದನ್ನು ಕೈಬಿಟ್ಟು ಬರೀ ಪೈಸೆ ಎಂದರು. ವರ್ಗಾವಣೆ ಪತ್ರದ ತಲೆಯಲ್ಲಿ ‘ಮೈಸೂರು’ ಎಂದಿದ್ದರೆ ಆ ನಮೂನೆ ಅಚ್ಚಾದದ್ದು 1973ರ ನವೆಂಬರ್ 1ಕ್ಕಿಂತ ಮೊದಲು. ನಿಮ್ಮ ಗೆಳತಿಯರ ಪತ್ರಗಳಿಗೆ ತಾರೀಖು ಇಲ್ಲದಿದ್ದರೆ ಅಂಚೆಯ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಮನೆಯ ಬೇರೆ ಪತ್ರಗಳೂ ಸಿಕ್ಕರೆ, ಪಿನ್ ಕೋಡಿನ ಚೌಕಗಳು ಅಚ್ಚಾಗಿರುವವು 1972ರ ಆಗಸ್ಟ್ ನಂತರದವು ಎಂಬುದು ನೆನಪಿರಲಿ. ತಾಯಿಯವರ ಎರಡನ್ನೂ ಯಾರಿಗೂ ಕೊಡಬೇಕಿಲ್ಲ. ಆದರೆ ಅವುಗಳ ಉತ್ತಮ ಪ್ರತಿಯೊಂದನ್ನು, ಅವರ ಒಪ್ಪಿಗೆಯಿದ್ದರೆ, ಸಾಗರದ ಹತ್ತಿರದ ಕೆಳದಿ ವಸ್ತುಸಂಗ್ರಹಾಲಯದಂಥ ಕಡೆ ತೋರಿಸಿ. ಓಲೆಗರಿಗಳನ್ನು ಕಾಪಾಡಿಕೊಂಡು ಬಂದ ಆ ಸಂಸ್ಥೆಗೆ ಈ ಸೀಮೆಯ ಕಾಗದದ ಬೆಲೆ ತಿಳಿದಿದೆ.

ಗುಂಪು ಫೋಟೊವನ್ನು ಗಾಜಿನಿಂದ ಕೀಳಲು ಹೋಗಬೇಡಿ. ಫೋಟೊದ ಮೇಲ್ಪದರ ಜೆಲಟಿನ್‌ನದು. ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿದೆ. ಎಳೆದರೆ ಮುಖಗಳೇ ಗಾಜಿನ ಮೇಲೆ ಉಳಿಯುತ್ತವೆ. ಚೌಕಟ್ಟಿನ ಹಿಂದಿನ ರಟ್ಟನ್ನು ಮಾತ್ರ ಬಿಡಿಸಿ, ಗಾಜು ಮತ್ತು ಫೋಟೊ ಒಟ್ಟಿಗೇ ಇರುವಂತೆ ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿಸಿ. ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಪ್ರತಿ ಮುಖಕ್ಕೊಂದು ಸಂಖ್ಯೆ ಹಾಕಿ, ನಿಮ್ಮ ಊರಲ್ಲೇ ಉಳಿದಿರುವ ಸಹಪಾಠಿಗಳ ಮನೆಗೆ ಒಯ್ಯಿರಿ. ನಿಮಗೆ ನೆನಪಿಲ್ಲದ ಹೆಸರನ್ನು ಅವರಲ್ಲಿ ಒಬ್ಬರಾದರೂ ಹೇಳುತ್ತಾರೆ. ಇನ್‌ಲ್ಯಾಂಡ್ ಪತ್ರಗಳನ್ನು ಬರೆದ ಗೆಳತಿಯರಿಗೂ ಒಂದು ಮಾತು ಕೇಳಿ; ಹದಿನಾಲ್ಕರ ಹರೆಯದಲ್ಲಿ ಅವರು ನಿಮ್ಮೊಬ್ಬರಿಗೆಂದೇ ಬರೆದದ್ದನ್ನು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ನ್ಯಾಯವಲ್ಲ.

ಇವುಗಳಿಗೆ ಹೊಸ ಜಾಗ ಅಟ್ಟವಾಗದಿರಲಿ. ಹೊರಗೋಡೆಗೆ ತಾಗದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದ ಬೀರುವಿನ ನಡುವಿನ ಅರೆ ಒಳ್ಳೆಯದು. ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ; ಹೊಸ ಬಟ್ಟೆಯ ಗಂಜಿ ಹುಳುವನ್ನು ಕರೆಯುವುದರಿಂದ ಎರಡು ಸಲ ಒಗೆದು ಒಣಗಿಸಿದ್ದು ಬೇಕು. ಕೆಂಪು ವಸ್ತ್ರ ಹಳೆಯ ಪದ್ಧತಿಯಾದರೂ ತೇವಕ್ಕೆ ಅದರ ಬಣ್ಣ ಬಿಟ್ಟು ಕಾಗದಕ್ಕೆ ಹತ್ತುತ್ತದೆ. ತೇವಾಂಶ ತೋರಿಸುವ ಸಣ್ಣ ಮಾಪಕವನ್ನು ಅರೆಯ ಮೇಲಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬದಲಾಯಿಸುತ್ತಿರಿ, ಬಳಿಕ ಜನವರಿ ಫೆಬ್ರವರಿಯ ಒಣಹವೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಮಿರ್ಗದ ಮಳೆಗೆ ಇನ್ನು ಕೆಲವೇ ವಾರಗಳಿರುವುದರಿಂದ ಈ ಬೇಸಿಗೆಯಲ್ಲಿ ಒಣಗಿಸುವುದು ಮತ್ತು ನಿಮ್ಮ ತಾಯಿಯವರ ಮಾತನ್ನು ಬರೆದುಕೊಳ್ಳುವುದು ಮುಗಿದರೆ ಸಾಕು. ವಿಂಗಡಣೆಯನ್ನು ಮುಂದಿನ ಜನವರಿಗೆ ಇಟ್ಟುಕೊಳ್ಳಿ.